ಓದುಗರ ಪ್ರಶ್ನೆ, ನಮ್ಮ ಉತ್ತರ: ರೆಸಲ್‌ಮೇನಿಯಾದ ಪಂದ್ಯಗಳನ್ನು ತೂಗಿ ನೋಡುವುದು ಹೇಗೆ?

ರೆಸಲ್‌ಮೇನಿಯಾ ಎಂದರೆ ಅಮೆರಿಕದ ಡಬ್ಲ್ಯುಡಬ್ಲ್ಯುಇ ಎಂಬ ವೃತ್ತಿಪರ ಕುಸ್ತಿ ಸಂಸ್ಥೆ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಪ್ರದರ್ಶನ. ವೃತ್ತಿಪರ ಕುಸ್ತಿಯ ಇಂಥ ದೊಡ್ಡ ಪ್ರದರ್ಶನಗಳಲ್ಲಿ ಯಾವ ಪಂದ್ಯ ಉತ್ತಮ, ಯಾವುದು ಸಾಧಾರಣ ಎಂದು ತೀರ್ಮಾನಿಸುವ ಬಗೆಯನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಕೂಡಿಸಿಕೊಳ್ಳಲಾಗಿದೆ.

ಪ್ರಶ್ನೆ: ಗೆಲ್ಲುವವರು ಯಾರೆಂಬುದು ಮೊದಲೇ ಗೊತ್ತುಮಾಡಿರುವಾಗ ಈ ಪಂದ್ಯಗಳಿಗೆ ಅಂಕ ಕೊಡುವುದರಲ್ಲಿ ಏನರ್ಥವಿದೆ? ಅದು ನಾಟಕಕ್ಕೆ ಅಂಕ ಕೊಟ್ಟಂತೆ ಆಗುವುದಿಲ್ಲವೇ?

ಉತ್ತರ: ನಾಟಕಕ್ಕೆ ಅಂಕ ಕೊಟ್ಟಂತೆಯೇ ಆಗುತ್ತದೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ತಾನು ನಡೆಸುತ್ತಿರುವುದು ಕ್ರೀಡಾ ಸ್ಪರ್ಧೆಯಲ್ಲ, ಮನರಂಜನೆ ಎಂದು ಆಗ ವಿನ್ಸ್ ಮೆಕ್‌ಮಹನ್ ಅವರದಾಗಿದ್ದ ಆ ಸಂಸ್ಥೆಯೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ಹಿಡಿತದಿಂದ ಮತ್ತು ಅದರೊಂದಿಗೆ ಬರುವ ತೆರಿಗೆಯಿಂದ ಪಾರಾಗುವುದು ಆ ಒಪ್ಪಿಗೆಯ ಹಿಂದಿನ ಲೆಕ್ಕಾಚಾರವಾಗಿತ್ತು. ಆದರೆ ಬೇರೆ ನಾಟಕಗಳಿಗೆ ಇಲ್ಲದ ಒಂದು ಕಟ್ಟುಪಾಡು ಈ ಪ್ರದರ್ಶನಕ್ಕಿದೆ. ಇಲ್ಲಿ ಹೇಳಬೇಕಾದುದನ್ನೆಲ್ಲ ಸ್ಪರ್ಧೆಯ ನಿಯಮಗಳ ಒಳಗೇ, ಹೆಚ್ಚಿನ ಮಟ್ಟಿಗೆ ದೇಹದ ಮೂಲಕವೇ, ಪ್ರತಿಕ್ಷಣವೂ ಕೂಗಿ ತನ್ನ ಅಭಿಪ್ರಾಯ ತಿಳಿಸುತ್ತಿರುವ ಜನಸಮೂಹದ ಎದುರಿಗೇ ಹೇಳಿ ಮುಗಿಸಬೇಕು. ಆದ್ದರಿಂದ ಗೆದ್ದವರು ಯಾರು ಎಂಬುದಕ್ಕಿಂತ, ಎದುರಾಳಿಯ ಭುಜಗಳನ್ನು ನೆಲಕ್ಕೆ ಒತ್ತಿಹಿಡಿದು ಚಿತ್ ಮಾಡಿರುವಾಗ ರೆಫರಿ ಎಣಿಸುತ್ತ ಮೂರನೆಯ ಸಲ ನೆಲಕ್ಕೆ ಕೈ ಬಡಿದು ಪಂದ್ಯ ಮುಗಿಸಿದಾಗ ಆ ಫಲಿತಾಂಶವನ್ನು ನಂಬಲು ಬೇಕಾದ ಕಾರಣಗಳನ್ನು ಪಂದ್ಯವು ತನ್ನೊಳಗೇ ಒದಗಿಸಿತ್ತೇ ಎಂಬುದನ್ನು ನಾವು ನೋಡಬೇಕು. ನನ್ನ ಮಟ್ಟಿಗೆ ಬೇರೆಲ್ಲ ಮಾನದಂಡಗಳೂ ಇದರ ಹಿಂದೆ ಬರುವಂಥವು.

1987ರ ಮಾರ್ಚ್ 29ರಂದು ಮಿಚಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ನಡೆದ ಮೂರನೆಯ ರೆಸಲ್‌ಮೇನಿಯಾವನ್ನೇ ತೆಗೆದುಕೊಳ್ಳಿ. ಅಂದು ಸೇರಿದ ಜನ 93,173 ಎಂದು ಸಂಸ್ಥೆ ಘೋಷಿಸಿತು; ಆ ಅಂಕಿಯ ಬಗ್ಗೆ ತಕರಾರು ಇಂದಿಗೂ ಮುಗಿದಿಲ್ಲ, ಅದು ಬೇರೆ ಮಾತು. ಆ ದಿನ ರ್‍ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಇಂಟರ್‌ಕಾಂಟಿನೆಂಟಲ್ ಬೆಲ್ಟ್‌ಗಾಗಿ, ಅಂದರೆ ಆ ಹೆಸರಿನ ಚಾಂಪಿಯನ್ ಪಟ್ಟಕ್ಕಾಗಿ, ಸುಮಾರು ಹದಿನಾಲ್ಕೂವರೆ ನಿಮಿಷ ಸೆಣಸಿದರು. ಅದಕ್ಕೆ ಕೆಲವು ತಿಂಗಳ ಹಿಂದೆ ಸ್ಯಾವೇಜ್ ರಿಂಗ್‌ನ ಗಂಟೆಯಿಂದ ಸ್ಟೀಮ್‌ಬೋಟ್‌ರ ಗಂಟಲನ್ನು ಜಜ್ಜಿದ್ದು ಜಗಳದ ಮೂಲವಾಗಿತ್ತು. ಪಂದ್ಯದುದ್ದಕ್ಕೂ ಆ ಗಂಟಲೇ ಗುರಿಯಾಯಿತು, ಕೊನೆಗೆ ಅದೇ ಗಂಟೆ ಮತ್ತೆ ಸ್ಯಾವೇಜ್ ಕೈಗೆ ಬಂತು. ಸ್ಟೀಮ್‌ಬೋಟ್‌ರ ಪರವಾಗಿ ರಿಂಗ್ ಪಕ್ಕದಲ್ಲಿದ್ದ ಕುಸ್ತಿಪಟು ಜಾರ್ಜ್ ಸ್ಟೀಲ್ ಅಡ್ಡಬಂದು ಅವರನ್ನು ಕೆಡವಿದರು, ಅದರ ಬೆನ್ನಿಗೇ ಸ್ಟೀಮ್‌ಬೋಟ್ ಅವರನ್ನು ಮಡಚಿ ಚಿತ್ ಮಾಡಿದರು. ಆರಂಭದಲ್ಲಿದ್ದ ಕಾರಣವೇ ಮುಕ್ತಾಯಕ್ಕೂ ಕಾರಣವಾಯಿತು, ನಡುವಿನ ಒಂದು ಪಟ್ಟೂ ಅಂದಕ್ಕಾಗಿ ಮಾತ್ರ ಬಂದದ್ದಲ್ಲ. ಸ್ಯಾವೇಜ್ ಈ ಪಂದ್ಯದ ಪ್ರತಿಯೊಂದು ನಡೆಯನ್ನೂ ಮುಂಚಿತವಾಗಿ ಬರೆದಿಟ್ಟುಕೊಂಡು ಎದುರಾಳಿಯೊಂದಿಗೆ ಮತ್ತೆ ಮತ್ತೆ ಒಪ್ಪಿಸಿ ನೋಡಿದ್ದರು ಎಂಬುದು ಪ್ರಸಿದ್ಧ ಸಂಗತಿ.

ಅದೇ ದಿನದ ಕೊನೆಯ ಪಂದ್ಯದಲ್ಲಿ ಹಲ್ಕ್ ಹೋಗನ್ ಮತ್ತು ಆಂಡ್ರೆ ದಿ ಜೈಂಟ್ ಎದುರುಬದುರಾದರು. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ಕಾಲ ಕಳೆದಿರದ ಆಂಡ್ರೆಗೆ ನಡೆದಾಡುವುದೇ ಕಷ್ಟವಾಗಿತ್ತು. ಕೌಶಲವೊಂದನ್ನೇ ನೋಡಿದರೆ ಅದು ಬಡಕಲು ಪಂದ್ಯ. ಆದರೂ ಅದರ ಕಟ್ಟಡವನ್ನು ಗಮನಿಸಿ. ಆರಂಭದಲ್ಲೇ ಹೋಗನ್ ಆ ದೈತ್ಯನನ್ನು ಎತ್ತಲು ಹೋಗಿ ಸೋಲುತ್ತಾರೆ, ಆಂಡ್ರೆ ಅವರ ಮೇಲೆಯೇ ಕುಸಿದು ಬಿದ್ದು ಪಂದ್ಯ ಇನ್ನೇನು ಮುಗಿದೇಹೋಯಿತು ಎನ್ನಿಸುತ್ತದೆ. ಆ ಬಳಿಕ ಹೋಗನ್ ಬೆನ್ನು ನೋವಿನಿಂದ ಬಾಗಿಯೇ ಇರುತ್ತದೆ. ಹನ್ನೆರಡನೆಯ ನಿಮಿಷದ ಸುಮಾರಿಗೆ ಅದೇ ದೇಹವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಾಗ ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತದೆ. ಒಂದು ಕೆಲಸ ಅಸಾಧ್ಯವೆಂದು ಮೊದಲು ತೋರಿಸಿ, ನಂತರ ಅದನ್ನು ಸಾಧ್ಯವಾಗಿಸುವುದಷ್ಟೇ ಈ ಪಂದ್ಯಕ್ಕಿದ್ದ ಗುರಿ, ಅದು ಪೂರ್ಣವಾಗಿ ಈಡೇರಿತು. ನಾನು ಮೊದಲನೆಯದನ್ನು ಮೇಲಿನ ಪಂದ್ಯವೆಂದೇ ಎಣಿಸುತ್ತೇನೆ. ಆದರೆ ಎರಡನೆಯದನ್ನು ಕೆಟ್ಟ ಪಂದ್ಯವೆಂದು ತಳ್ಳಿಹಾಕುವವರು ಕುಸ್ತಿಯ ಪಟ್ಟುಗಳನ್ನು ಮಾತ್ರ ಎಣಿಸುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಪಂದ್ಯಗಳಿಗೆ ಐದು ನಕ್ಷತ್ರ, ನಾಲ್ಕೂ ಮುಕ್ಕಾಲು ನಕ್ಷತ್ರ ಎಂದು ಕೊಡುವ ಕ್ರಮ ಯಾರದು? ಐದೇ ಗರಿಷ್ಠವಾಗಿದ್ದರೆ ಕೆಲವು ಪಂದ್ಯಗಳಿಗೆ ಆರು, ಏಳು ಬಂದದ್ದು ಹೇಗೆ?

ಉತ್ತರ: ಈ ಕ್ರಮವನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್‌ಜರ್, ತಮ್ಮ ‘ರೆಸ್ಲಿಂಗ್ ಅಬ್ಸರ್ವರ್ ನ್ಯೂಸ್‌ಲೆಟರ್’ ಎಂಬ ಪತ್ರಿಕೆಯ ಮೂಲಕ. ಇದನ್ನು ಮೊದಲಿಗೆ ಹುಟ್ಟುಹಾಕಿದವರು ಅವರಲ್ಲ, ಆದರೆ ಇದು ಊರ್ಜಿತವಾದದ್ದು ಅವರಿಂದಲೇ. ಕಾಲು ನಕ್ಷತ್ರದ ಲೆಕ್ಕದಲ್ಲಿ ಏರುತ್ತ ಹೋಗುವ ಈ ಅಳತೆ ಸೊನ್ನೆಗಿಂತ ಕೆಳಕ್ಕೂ ಇಳಿಯುತ್ತದೆ. ಮೇಲೆ ಹೇಳಿದ ಹೋಗನ್–ಆಂಡ್ರೆ ಪಂದ್ಯಕ್ಕೆ ಅವರು ಕೊಟ್ಟದ್ದು ಋಣ ನಾಲ್ಕು, ಅದೇ ದಿನದ ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯಕ್ಕೆ ಕೊಟ್ಟದ್ದು ನಾಲ್ಕೂವರೆ.

ಬಹಳ ಕಾಲ ಐದು ನಕ್ಷತ್ರ ಅಪರೂಪವಾಗಿತ್ತು. ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ಪಂದ್ಯಗಳಲ್ಲಿ 1997ರ ಅಕ್ಟೋಬರ್‌ನಲ್ಲಿ ಅಂಡರ್‌ಟೇಕರ್ ಮತ್ತು ಶಾನ್ ಮೈಕೆಲ್ಸ್ ಪಂಜರದೊಳಗೆ ಆಡಿದ ಪಂದ್ಯಕ್ಕೆ ಐದು ಬಂದ ಮೇಲೆ, 2011ರ ಜುಲೈನಲ್ಲಿ ಶಿಕಾಗೊದಲ್ಲಿ ಸಿಎಂ ಪಂಕ್ ಮತ್ತು ಜಾನ್ ಸೀನಾ ಎದುರಾಗುವವರೆಗೆ ಮತ್ತೊಂದಕ್ಕೆ ಆ ಅಂಕ ದೊರೆಯಲಿಲ್ಲ. ಕಟ್ಟೆಯೊಡೆದದ್ದು 2017ರ ಜನವರಿ 4ರಂದು. ಟೋಕಿಯೊ ಡೋಮ್‌ನಲ್ಲಿ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೆಗಾ ನಲವತ್ತಾರು ನಿಮಿಷಕ್ಕೂ ಹೆಚ್ಚು ಹೊತ್ತು ಆಡಿದ ಪಂದ್ಯಕ್ಕೆ ಅವರು ಆರು ನಕ್ಷತ್ರ ಕೊಟ್ಟರು. ಅದೇ ಇಬ್ಬರ 2018ರ ಜೂನ್ ಪಂದ್ಯಕ್ಕೆ ಏಳು.

ಆ ಪಂದ್ಯಗಳ ಶ್ರೇಷ್ಠತೆಯನ್ನು ನಾನು ಪ್ರಶ್ನಿಸುವುದಿಲ್ಲ. ಮೊದಲ ಪಂದ್ಯದಲ್ಲಿ ಒಮೆಗಾ ತನ್ನ ಅಂತಿಮ ಪಟ್ಟನ್ನು ಒಮ್ಮೆಯೂ ಪೂರ್ತಿಯಾಗಿ ಹಾಕಲಾಗದೆ ಸೋತು, ಸುಮಾರು ಒಂದೂವರೆ ವರ್ಷದ ಬಳಿಕ ಅದೇ ಪಟ್ಟಿನಿಂದ ಬೆಲ್ಟ್ ಗೆದ್ದ ರೀತಿ ಎಷ್ಟು ಸಲ ನೋಡಿದರೂ ತೃಪ್ತಿ ಕೊಡುವಂಥದ್ದು. ಆದರೆ ಗರಿಷ್ಠ ಅಂಕವನ್ನು ದಾಟಿದ ಕೂಡಲೇ ಹಳೆಯ ಐದು ನಕ್ಷತ್ರಗಳೆಲ್ಲ ತಾವಾಗಿಯೇ ಕೆಳಗಿಳಿದವು, ಹೊಸ ಗರಿಷ್ಠ ಯಾವುದೆಂಬುದು ತೀರ್ಮಾನವಾಗಲೇ ಇಲ್ಲ. ಈ ನಕ್ಷತ್ರಗಳನ್ನು ಒಬ್ಬ ಅನುಭವಿ ವೀಕ್ಷಕರ ದೀರ್ಘಕಾಲದ ದಿನಚರಿಯೆಂದು ಓದಿದರೆ ಬಹಳ ಉಪಯೋಗವಿದೆ. ಅವರ ಇಂದಿನ ಅಭಿರುಚಿಯನ್ನು ಅವರದೇ ಹಿಂದಿನ ಅಭಿರುಚಿಯೊಂದಿಗೆ ಹೋಲಿಸಬಹುದು. ವೇಗದ, ದೀರ್ಘವಾದ, ದೈಹಿಕವಾಗಿ ಕಠಿಣವಾದ ಪಂದ್ಯಗಳತ್ತ ಆ ಅಭಿರುಚಿ ವಾಲಿದೆ ಎಂಬುದನ್ನು ಮಾತ್ರ ಮರೆಯಬಾರದು.

ಪ್ರಶ್ನೆ: ಹೆಚ್ಚು ಹೊತ್ತು ನಡೆದ ಪಂದ್ಯವೇ ಉತ್ತಮ ಎಂದು ನನ್ನ ಅಣ್ಣ ವಾದಿಸುತ್ತಾನೆ. ಇದು ಸರಿಯೇ?

ಉತ್ತರ: ಸರಿಯಲ್ಲ. 2016ರ ನವೆಂಬರ್‌ನಲ್ಲಿ ಟೊರಾಂಟೊದಲ್ಲಿ ಗೋಲ್ಡ್‌ಬರ್ಗ್ ಅವರು ಬ್ರಾಕ್ ಲೆಸ್ನರ್‌ರನ್ನು 86 ಸೆಕೆಂಡುಗಳಲ್ಲಿ ಸೋಲಿಸಿದರು. ಹನ್ನೆರಡು ವರ್ಷ ದೂರವಿದ್ದು ಮರಳಿದ್ದ ಗೋಲ್ಡ್‌ಬರ್ಗ್‌ಗೆ ಅದಕ್ಕಿಂತ ದೀರ್ಘವಾದ ಪಂದ್ಯ ಅನುಕೂಲವಾಗುತ್ತಿರಲಿಲ್ಲ, ಯಾರೂ ಅಲುಗಿಸಲಾಗದಂತೆ ಬೆಳೆಸಲಾಗಿದ್ದ ಲೆಸ್ನರ್ ಅಷ್ಟು ಬೇಗ ಬಿದ್ದದ್ದೇ ಅದರ ರೋಮಾಂಚನ. ಇದಕ್ಕೆ ಪ್ರತಿಯಾಗಿ 2012ರ ರೆಸಲ್‌ಮೇನಿಯಾದಲ್ಲಿ ಶೇಮಸ್ ಎದುರು ಡೇನಿಯಲ್ ಬ್ರಯಾನ್ 18 ಸೆಕೆಂಡುಗಳಲ್ಲಿ ಸೋತಾಗ ಜನ ಸಿಟ್ಟಾದರು, ಏಕೆಂದರೆ ಆ ಇಬ್ಬರಿಂದ ಅವರು ಬಯಸಿದ್ದು ಕುಸ್ತಿಯನ್ನು. ಆ ಸಿಟ್ಟೇ ಮುಂದೆ ಬ್ರಯಾನ್ ಪರವಾದ ಕೂಗಾಗಿ ಬೆಳೆದು 2014ರ ರೆಸಲ್‌ಮೇನಿಯಾದ ಕೊನೆಯ ಪಂದ್ಯದವರೆಗೆ ಅವರನ್ನು ಒಯ್ದಿತು. ಆದರೂ ಮುಂದೆ ಆದ ಒಳಿತಿಗಾಗಿ ಅಂದಿನ 18 ಸೆಕೆಂಡುಗಳಿಗೆ ಈಗ ಅಂಕ ಸೇರಿಸಲಾಗದು.

ದೀರ್ಘ ಪಂದ್ಯಕ್ಕೆ ಅದರದೇ ತೊಡಕಿದೆ. 1996ರಲ್ಲಿ ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕೆಲ್ಸ್ ಒಂದು ಗಂಟೆಯ ‘ಐರನ್ ಮ್ಯಾನ್’ ಪಂದ್ಯ ಆಡಿದರು; ನಿಗದಿತ ಸಮಯದಲ್ಲಿ ಎದುರಾಳಿಯನ್ನು ಹೆಚ್ಚು ಸಲ ಸೋಲಿಸಿದವರು ಇದರಲ್ಲಿ ಗೆಲ್ಲುತ್ತಾರೆ. ಗಂಟೆ ಪೂರ್ತಿ ಕಳೆದರೂ ಯಾರೂ ಒಮ್ಮೆಯೂ ಚಿತ್ ಆಗದೆ, ಹೆಚ್ಚುವರಿ ಸಮಯದಲ್ಲಿ ಮೈಕೆಲ್ಸ್ ಗೆದ್ದರು. ಇಬ್ಬರ ದಮ್ಮನ್ನೂ ಮೆಚ್ಚಲೇಬೇಕು. ಆದರೆ ಅರವತ್ತು ನಿಮಿಷ ನಡೆದೇ ತೀರುತ್ತದೆಂದು ಮೊದಲೇ ಗೊತ್ತಿದ್ದ ಪ್ರೇಕ್ಷಕನಿಗೆ ಮೊದಲ ಅರ್ಧ ಗಂಟೆಯ ಯಾವ ಪಟ್ಟೂ ಆತಂಕ ಹುಟ್ಟಿಸುವುದಿಲ್ಲ. ಅಣ್ಣನವರಿಗೆ ಆ ಪಂದ್ಯವನ್ನು ನಡುವೆ ಮುಂದಕ್ಕೆ ಓಡಿಸದೆ ನೋಡುವಂತೆ ಹೇಳಿ.

ಪ್ರಶ್ನೆ: ಒಂದೇ ಪ್ರದರ್ಶನದಲ್ಲಿ ಮೊದಲ ಪಂದ್ಯಕ್ಕೂ ಕೊನೆಯ ಪಂದ್ಯಕ್ಕೂ ಒಂದೇ ಅಳತೆ ಬಳಸುವುದು ನ್ಯಾಯವೇ? ಕೊನೆಯಲ್ಲಿ ಆಡುವವರ ಪಾಲಿಗೆ ದಣಿದ ಪ್ರೇಕ್ಷಕರೇ ಬರುತ್ತಾರಲ್ಲ?

ಉತ್ತರ: ಬಂದಿರುವ ಪ್ರಶ್ನೆಗಳಲ್ಲಿ ಇದು ಬಹಳ ಮುಖ್ಯವಾದುದು. ಪ್ರತ್ಯೇಕ ಪಂದ್ಯಗಳಿಗೆ ಅಂಕ ಕೊಡುವ ಅಭ್ಯಾಸದಲ್ಲಿ ಇಡೀ ಪ್ರದರ್ಶನವೂ ಒಂದು ರಚನೆ ಎಂಬುದು ಮರೆತೇಹೋಗುತ್ತದೆ.

2002ರ ಮಾರ್ಚ್‌ನಲ್ಲಿ ಟೊರಾಂಟೊದ ಸ್ಕೈಡೋಮ್‌ನಲ್ಲಿ ನಡೆದ ರೆಸಲ್‌ಮೇನಿಯಾವನ್ನು ನೋಡಿದವರಿಗೆ ವಿವರಣೆ ಬೇಕಿಲ್ಲ. ದಿ ರಾಕ್ ನಾಯಕ, ಹಲ್ಕ್ ಹೋಗನ್ ಖಳ ಎಂದು ಬರೆದ ಪಂದ್ಯದಲ್ಲಿ ಜನ ಮೊದಲ ಕ್ಷಣದಿಂದಲೇ ಹೋಗನ್ ಪರ ನಿಂತರು, ಆಡುತ್ತಿದ್ದ ಇಬ್ಬರೂ ಅದನ್ನು ಗ್ರಹಿಸಿ ತಮ್ಮ ನಡೆಗಳನ್ನು ಅಲ್ಲಿಯೇ ಬದಲಿಸಿಕೊಂಡರು. ಅಂದಿನ ಕೂಗೆಲ್ಲ ಅಲ್ಲಿಗೇ ಖರ್ಚಾಯಿತು. ಆಮೇಲೆ, ಎಲ್ಲಕ್ಕಿಂತ ದೊಡ್ಡ ಬೆಲ್ಟ್‌ಗಾಗಿ ಕ್ರಿಸ್ ಜೆರಿಕೊ ಮತ್ತು ಟ್ರಿಪಲ್ ಎಚ್ ಕೊನೆಯಲ್ಲಿ ಆಡಿದ ಪಂದ್ಯ ಕೆಟ್ಟದಾಗಿರಲಿಲ್ಲ, ಆದರೆ ಅದನ್ನು ನೋಡುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. 2009ರಲ್ಲಿ ಹ್ಯೂಸ್ಟನ್‌ನಲ್ಲಿಯೂ ಇದೇ ಆಯಿತು: ಅಂಡರ್‌ಟೇಕರ್ ಮತ್ತು ಶಾನ್ ಮೈಕೆಲ್ಸ್ ಅರ್ಧ ಗಂಟೆ ಆಡಿ ಹೋದ ಮೇಲೆ ಟ್ರಿಪಲ್ ಎಚ್ ಮತ್ತು ರ್‍ಯಾಂಡಿ ಆರ್ಟನ್ ಏನು ಮಾಡಿದರೂ ಸಪ್ಪೆಯಾಗಿ ಕಂಡಿತು. ಇಂಥ ಸಂದರ್ಭದಲ್ಲಿ ಪಂದ್ಯದ ಕ್ರಮವನ್ನು ಗೊತ್ತುಮಾಡಿದವರ ತಪ್ಪನ್ನು ಕುಸ್ತಿಪಟುಗಳ ಲೆಕ್ಕಕ್ಕೆ ಬರೆಯಬಾರದು ಎಂಬುದು ನನ್ನ ನಿಲುವು.

ಕ್ರಮವನ್ನು ಬುದ್ಧಿವಂತಿಕೆಯಿಂದ ಬಳಸಿದ್ದಕ್ಕೆ 1994ರ ಮಾರ್ಚ್ 20ರ, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಹತ್ತನೆಯ ರೆಸಲ್‌ಮೇನಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಮೊದಲ ಪಂದ್ಯದಲ್ಲೇ ಓವನ್ ಹಾರ್ಟ್ ತನ್ನ ಅಣ್ಣ ಬ್ರೆಟ್‌ರನ್ನು ಯಾವ ಮೋಸವೂ ಇಲ್ಲದೆ ಚಿತ್ ಮಾಡಿದರು. ಅದೇ ರಾತ್ರಿಯ ಕೊನೆಯಲ್ಲಿ ಬ್ರೆಟ್ ಯೊಕೊಜುನಾರನ್ನು ಸೋಲಿಸಿ ಚಾಂಪಿಯನ್ ಆಗಿ, ಉಳಿದವರೆಲ್ಲ ಅವರನ್ನು ಹೆಗಲ ಮೇಲೆ ಹೊತ್ತಾಗ, ಓವನ್ ದೂರದಲ್ಲಿ ನಿಂತು ನೋಡುತ್ತಿದ್ದರು. ಈಗ ಚಾಂಪಿಯನ್ ಆಗಿರುವವನನ್ನು ಕೆಲವೇ ಗಂಟೆಗಳ ಹಿಂದೆ ತಾನು ಸೋಲಿಸಿದ್ದೇನೆಂಬುದು ಆ ನೋಟದಲ್ಲಿತ್ತು, ಮುಂದಿನ ಹಲವು ತಿಂಗಳ ಕಥೆಗೆ ಅಷ್ಟು ಸಾಕಾಯಿತು. ಕೊನೆಯ ಪಂದ್ಯ ಕೌಶಲದಲ್ಲಿ ಸಾಧಾರಣ. ಮೊದಲನೆಯದರ ಜತೆ ಸೇರಿಸಿ ನೋಡಿದಾಗ ಅದರ ಬೆಲೆ ಏರುತ್ತದೆ.

ದಣಿವಿನ ಮಾತಿಗೆ ಬಂದರೆ, 2019ರ ರೆಸಲ್‌ಮೇನಿಯಾ ಮುನ್ನೋಟದ ಪಂದ್ಯಗಳೂ ಸೇರಿ ಏಳು ಗಂಟೆಗೂ ಮೀರಿ ನಡೆಯಿತು. ಬೆಕಿ ಲಿಂಚ್, ರೋಂಡಾ ರೌಸಿ, ಷಾರ್ಲಟ್ ಫ್ಲೇರ್ ಅವರು ಆ ಪ್ರದರ್ಶನದ ಇತಿಹಾಸದಲ್ಲಿ ಕೊನೆಯ ಪಂದ್ಯವಾಡಿದ ಮೊದಲ ಮಹಿಳೆಯರಾದರು, ಆದರೆ ಅವರು ರಿಂಗ್‌ಗೆ ಬರುವ ಹೊತ್ತಿಗೆ ಮಧ್ಯರಾತ್ರಿ ಸಮೀಪಿಸಿತ್ತು. 2020ರಿಂದ ಪ್ರದರ್ಶನವನ್ನು ಎರಡು ರಾತ್ರಿಗಳಿಗೆ ಹಂಚಲಾಗುತ್ತಿದೆ. ವಿಮರ್ಶಕರ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸುಧಾರಣೆ ಆಗಿಲ್ಲ.

ಪ್ರಶ್ನೆ: ಈಗಿನ ಪಂದ್ಯಗಳಲ್ಲಿ ಎಷ್ಟೇ ದೊಡ್ಡ ಪಟ್ಟು ಬಿದ್ದರೂ ಎರಡರ ಎಣಿಕೆಗೇ ಭುಜ ಎತ್ತಿಬಿಡುತ್ತಾರೆ. ಇದು ಗುಣವೋ ದೋಷವೋ?

ಉತ್ತರ: ಎರಡೂ ಆಗಬಹುದು. ಒಬ್ಬ ಕುಸ್ತಿಪಟುವಿನ ಅಂತಿಮ ಪಟ್ಟಿಗೆ ಬೆಲೆ ಬರುವುದು ಅದರಿಂದ ಯಾರೂ ಏಳುವುದಿಲ್ಲ ಎಂಬ ನಂಬಿಕೆ ವರ್ಷಗಟ್ಟಲೆ ಬೆಳೆದಾಗ. ಆ ನಂಬಿಕೆಯನ್ನು ಒಮ್ಮೆ ಮುರಿದರೆ ಸಿಗುವ ಉದ್ಗಾರ ಅಪಾರ, ವಾರವಾರವೂ ಮುರಿದರೆ ಏನೂ ಸಿಗದು. 2009ರ ಪಂದ್ಯದಲ್ಲಿ ಅಂಡರ್‌ಟೇಕರ್ ತಮ್ಮ ಅಂತಿಮ ಪಟ್ಟಾದ ‘ಟೂಂಬ್‌ಸ್ಟೋನ್’ ಹಾಕಿದಾಗ ಮೈಕೆಲ್ಸ್ ಭುಜ ಎತ್ತಿದರು, ಅಂಡರ್‌ಟೇಕರ್‌ರ ಕಣ್ಣುಗಳು ಅರಳಿದ ಆ ಮುಖಭಾವವೇ ಪಂದ್ಯದ ಹೆಗ್ಗುರುತಾಗಿ ಉಳಿಯಿತು. ಕೊನೆಗೆ ಮೈಕೆಲ್ಸ್ ಕಂಬದ ಮೇಲಿನಿಂದ ಹಿಂದಕ್ಕೆ ಜಿಗಿದಾಗ ಗಾಳಿಯಲ್ಲೇ ಅವರನ್ನು ಹಿಡಿದು ಅದೇ ಪಟ್ಟನ್ನು ಇನ್ನೊಮ್ಮೆ ಹಾಕಿ ಮುಗಿಸಿದರು. ಇಷ್ಟಾಗಿಯೂ ಮೆಲ್ಟ್‌ಜರ್ ಅದಕ್ಕೆ ಕೊಟ್ಟದ್ದು ನಾಲ್ಕೂ ಮುಕ್ಕಾಲು. ಉಳಿದ ಕಾಲನ್ನು ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಭುಜ ಎತ್ತಿದ ಮೇಲೆ ಏನಾಯಿತು ಎಂಬುದನ್ನು ಗಮನಿಸಿ. ಹಾಕಿದವನು ದಿಗ್ಭ್ರಾಂತನಾಗಿ ಬೇರೆ ದಾರಿ ಹುಡುಕಿದರೆ, ಬಿದ್ದವನು ಏಳಲು ತಡಕಾಡಿದರೆ, ಅದು ಗುಣ. ಇಬ್ಬರೂ ಕೂಡಲೇ ಎದ್ದು ಮುಂದಿನ ಪಟ್ಟಿಗೆ ಓಡಿದರೆ, ಹಿಂದಿನದು ನಡೆದೇ ಇಲ್ಲ ಎಂದು ಅವರೇ ಒಪ್ಪಿಕೊಂಡಂತಾಯಿತು.

ಪ್ರಶ್ನೆ: ರೆಸಲ್‌ಮೇನಿಯಾದಲ್ಲಿ ಒಮ್ಮೆಯೂ ಸೋಲದಿದ್ದ ಅಂಡರ್‌ಟೇಕರ್‌ರ ಗೆಲುವಿನ ಸರಣಿ 2014ರಲ್ಲಿ ಮುರಿದ ಪಂದ್ಯಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಉತ್ತರ: ಪಂದ್ಯಕ್ಕೆ ಐದರಲ್ಲಿ ಎರಡು. ನಿಧಾನವಾಗಿತ್ತು, ನಡುವೆ ತಲೆಗೆ ಪೆಟ್ಟಾಗಿದ್ದ ಅಂಡರ್‌ಟೇಕರ್ ದಿಕ್ಕುತಪ್ಪಿದವರಂತಿದ್ದರು. ಬ್ರಾಕ್ ಲೆಸ್ನರ್ ಗೆದ್ದು ಪರದೆಯ ಮೇಲೆ 21–1 ಎಂದು ಮೂಡಿದಾಗ ನ್ಯೂ ಆರ್ಲಿಯನ್ಸ್‌ನ ಆ ಕ್ರೀಡಾಂಗಣದಲ್ಲಿ ಕಂಡ ಮುಖಗಳು ಮಾತ್ರ ಯಾವ ಅಂಕಕ್ಕೂ ಸಿಗುವಂಥವಲ್ಲ. ಪಂದ್ಯಕ್ಕೆ ಒಂದು ಅಂಕ, ಘಟನೆಗೆ ಒಂದು ಟಿಪ್ಪಣಿ ಎಂದು ಬೇರೆ ಬೇರೆಯಾಗಿ ಬರೆದಿಡುವುದು ಲೇಸು.

ಪ್ರಶ್ನೆ: ರಕ್ತ ಹರಿದ ಪಂದ್ಯಗಳಿಗೂ ಬಹಳ ಎತ್ತರದಿಂದ ಬಿದ್ದವರಿಗೂ ಹೆಚ್ಚಿನ ಅಂಕ ಸಲ್ಲಬೇಕಲ್ಲವೇ? ಅವರು ಪಟ್ಟ ನೋವು ನಿಜವಾದದ್ದು.

ಉತ್ತರ: ನೋವು ನಿಜವೆಂಬುದರಲ್ಲಿ ಸಂಶಯವಿಲ್ಲ, ಆದರೆ ನೋವಿಗೆ ಅಂಕ ಕೊಡಲು ತೊಡಗಿದರೆ ನಾವು ಮತ್ತಷ್ಟು ನೋವನ್ನು ಕೇಳಿದಂತಾಗುತ್ತದೆ. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮ್ಯಾನ್‌ಕೈಂಡ್ ಆಗಿ ಆಡುತ್ತಿದ್ದ ಮಿಕ್ ಫೋಲಿ ಅವರನ್ನು ಅಂಡರ್‌ಟೇಕರ್ ಪಂಜರದ ಮೇಲಿನಿಂದ ಕೆಳಗಿದ್ದ ಮೇಜಿನ ಮೇಲೆ ಎಸೆದದ್ದು ಗೊತ್ತುಮಾಡಿಕೊಂಡ ಸಾಹಸವಾಗಿತ್ತು. ಸ್ವಲ್ಪ ಹೊತ್ತಿನ ನಂತರ ಪಂಜರದ ಚಾವಣಿ ಕಿತ್ತುಹೋಗಿ ಅವರು ರಿಂಗ್‌ನೊಳಕ್ಕೆ ಬಿದ್ದದ್ದು ಅಪಘಾತ. ಆ ಮನುಷ್ಯನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಪಂದ್ಯವಾಗಿ ಅದನ್ನು ಮತ್ತೆ ನೋಡಲು ಹೊರಟರೆ, ಬೀಳುವಿಕೆಗಳ ನಡುವೆ ಉಳಿಯುವುದು ವೈದ್ಯರ ಓಡಾಟ ಮತ್ತು ನಮ್ಮ ಗಾಬರಿ.

ರಕ್ತಕ್ಕೆ ಅರ್ಥ ಬಂದ ಪಂದ್ಯ ಬೇಕಾದರೆ 1997ರ ಮಾರ್ಚ್ 23ರದನ್ನು ನೋಡಿ. ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ನಡುವಿನ ಆ ಪಂದ್ಯದಲ್ಲಿ ಸೋಲೊಪ್ಪಿಸಿದರೆ ಮಾತ್ರ ಗೆಲುವು. ಕೆನ್ ಶ್ಯಾಮ್‌ರಾಕ್ ರೆಫರಿ. ಹಾರ್ಟ್ ಅವರ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಸಿಕ್ಕಿಬಿದ್ದ ಆಸ್ಟಿನ್, ಮುಖವೆಲ್ಲ ರಕ್ತವಾಗಿದ್ದರೂ ಸೋಲೊಪ್ಪದೆ ಪ್ರಜ್ಞೆ ತಪ್ಪಿದರು. ನಿಯಮದ ಪ್ರಕಾರ ಸೋತವರು ಆಸ್ಟಿನ್. ಆದರೆ ಖಳನಾಗಿ ಬಂದ ಅವರು ಜನರ ನಾಯಕನಾಗಿ ಹೊರನಡೆದರು, ಬಿದ್ದವನನ್ನು ಆಮೇಲೂ ಥಳಿಸಿದ ಹಾರ್ಟ್ ಖಳನಾದರು. ಒಂದೇ ಪಂದ್ಯದಲ್ಲಿ ಇಬ್ಬರ ಪಾತ್ರವೂ ಅದಲುಬದಲಾಗುವುದಕ್ಕೆ ಆ ರಕ್ತ ಸಾಕ್ಷಿಯಾಗಿ ಬೇಕಿತ್ತು. ಅಲ್ಲಿ ಅಂಕ ಸಲ್ಲುವುದು ಆಸ್ಟಿನ್ ಸೋಲೊಪ್ಪದಿದ್ದುದಕ್ಕೆ.

ಪ್ರಶ್ನೆ: ಬಾಕ್ಸಿಂಗ್‌ನಲ್ಲಿರುವಂತೆ ವೃತ್ತಿಪರ ಕುಸ್ತಿಯಲ್ಲಿ ಎಂದಾದರೂ ತೀರ್ಪುಗಾರರು ಇದ್ದರೇ?

ಉತ್ತರ: ಆಗೀಗ ಇದ್ದರು, ಆದರೆ ಅವರೂ ಕಥೆಯ ಭಾಗವೇ. 1989ರ ಮೇ 7ರಂದು ನ್ಯಾಶ್‌ವಿಲ್‌ನಲ್ಲಿ ರಿಕ್ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ ಆಡಿದಾಗ, ಸಮಯ ಮುಗಿದರೆ ತೀರ್ಪು ಕೊಡಲೆಂದು ಲೂ ಥೆಸ್, ಪ್ಯಾಟ್ ಓಕಾನರ್, ಟೆರಿ ಫಂಕ್ ಎಂಬ ಮೂವರು ಮಾಜಿ ಚಾಂಪಿಯನ್‌ಗಳನ್ನು ರಿಂಗ್ ಪಕ್ಕ ಕೂರಿಸಲಾಗಿತ್ತು. ಸಮಯ ಮುಗಿಯುವ ಮೊದಲೇ ಫ್ಲೇರ್ ಗೆದ್ದರು, ಅವರನ್ನು ಅಭಿನಂದಿಸಲು ಎದ್ದುಬಂದ ತೀರ್ಪುಗಾರ ಫಂಕ್ ಮಾತಿಗೆ ಮಾತು ಬೆಳೆಸಿ ಅವರನ್ನೇ ಮೇಜಿನ ಮೇಲೆ ಕುಕ್ಕಿದರು. ಮುಂದಿನ ಜಗಳಕ್ಕೆ ಬೀಜ ಬಿತ್ತಲೆಂದೇ ಅವರನ್ನು ಅಲ್ಲಿ ಕೂರಿಸಿದ್ದು. 2022ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇಯ ಪ್ರತಿಸ್ಪರ್ಧಿಯಾದ ಎಇಡಬ್ಲ್ಯು ಸಂಸ್ಥೆಯೂ ಆ್ಯಡಮ್ ಪೇಜ್ ಮತ್ತು ಬ್ರಯಾನ್ ಡೇನಿಯಲ್ಸನ್ ನಡುವಿನ ಮರುಪಂದ್ಯಕ್ಕೆ ಮೂವರು ತೀರ್ಪುಗಾರರನ್ನು ನೇಮಿಸಿತ್ತು, ಏಕೆಂದರೆ ಅವರ ಮೊದಲ ಪಂದ್ಯ ಒಂದು ಗಂಟೆ ನಡೆದು ಸಮವಾಗಿತ್ತು. ಅಲ್ಲಿಯೂ ಪೇಜ್ ಚಿತ್ ಮಾಡಿಯೇ ಗೆದ್ದರು.

ಪ್ರಶ್ನೆ: ಪ್ರೇಕ್ಷಕರ ಕೂಗನ್ನು ಅಂಕದಲ್ಲಿ ಸೇರಿಸಬೇಕೇ, ಬಿಡಬೇಕೇ?

ಉತ್ತರ: ಸೇರಿಸಲೇಬೇಕು. ಪ್ರೇಕ್ಷಕರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಏಪ್ರಿಲ್‌ನಲ್ಲಿ ನಾವೆಲ್ಲ ಕಂಡೆವು. ಕೊರೊನಾ ಕಾರಣದಿಂದ ಆ ವರ್ಷದ ರೆಸಲ್‌ಮೇನಿಯಾ ಟ್ಯಾಂಪಾದ ಕ್ರೀಡಾಂಗಣವನ್ನು ಬಿಟ್ಟು ಆರ್ಲ್ಯಾಂಡೊದ ತರಬೇತಿ ಕೇಂದ್ರದಲ್ಲಿ ಖಾಲಿ ಕುರ್ಚಿಗಳ ಮುಂದೆ ಚಿತ್ರೀಕರಣವಾಯಿತು. ಎಡ್ಜ್ ಮತ್ತು ರ್‍ಯಾಂಡಿ ಆರ್ಟನ್ 36 ನಿಮಿಷ ಕಟ್ಟಡದ ಮೂಲೆಮೂಲೆಗಳಲ್ಲಿ ಹೊಡೆದಾಡಿದರು. ಇಬ್ಬರೂ ನುರಿತವರು, ಆದರೂ ಪಂದ್ಯ ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಅದೇ ಪ್ರದರ್ಶನದಲ್ಲಿ ಅಂಡರ್‌ಟೇಕರ್ ಮತ್ತು ಎಜೆ ಸ್ಟೈಲ್ಸ್ ಸ್ಮಶಾನದ ಸಜ್ಜಿಕೆಯಲ್ಲಿ, ಸಿನಿಮಾದಂತೆ ಸಂಕಲಿಸಿ ತೋರಿಸಿದ ಪಂದ್ಯ ಗೆದ್ದಿತು, ಏಕೆಂದರೆ ಕೂಗಿನ ಜಾಗವನ್ನು ಅದು ಕ್ಯಾಮೆರಾದಿಂದ ತುಂಬಿಸಿಕೊಂಡಿತ್ತು. ಅದನ್ನು ಕುಸ್ತಿಯ ಅಳತೆಯಲ್ಲಿ ಹಿಡಿಯುವುದು ಮಾತ್ರ ಕಷ್ಟ. ನಾನು ಅಂಕ ಕೊಡದೆ ಬಿಟ್ಟಿದ್ದೇನೆ.

ಒಂದು ಎಚ್ಚರಿಕೆ: ಕೂಗಿನ ಪ್ರಮಾಣವನ್ನಲ್ಲ, ಅದು ಎಲ್ಲಿ ಬದಲಾಯಿತು ಎಂಬುದನ್ನು ನೋಡಿ. ಪ್ರವೇಶ ಸಂಗೀತಕ್ಕೆ ಬರುವ ಆರ್ಭಟ ಪಂದ್ಯದ ಗಳಿಕೆಯಲ್ಲ. ತೆರೆದ ಕ್ರೀಡಾಂಗಣಗಳಲ್ಲಿ ಸದ್ದು ಮೇಲಕ್ಕೆ ಚದುರಿಹೋಗುವುದರಿಂದ ಟಿವಿಯಲ್ಲಿ ಜನ ಸುಮ್ಮನಿದ್ದಂತೆ ಕೇಳಿಸುವುದೂ ಉಂಟು.

ಪ್ರಶ್ನೆ: ಕ್ರಿಸ್ ಬೆನ್ವಾ ಆಡಿದ ಹಳೆಯ ಪಂದ್ಯಗಳಿಗೆ ಅಂಕ ಕೊಡಬಹುದೇ?

ಉತ್ತರ: 2004ರ ರೆಸಲ್‌ಮೇನಿಯಾದಲ್ಲಿ ಬೆನ್ವಾ ಆಡಿದ ಕೊನೆಯ ಪಂದ್ಯ ಕೌಶಲದಲ್ಲಿ ಅತ್ಯುತ್ತಮವಾಗಿತ್ತು. 2007ರ ಜೂನ್‌ನಲ್ಲಿ ಬೆನ್ವಾ ತನ್ನ ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನೂ ಸತ್ತರು. ಅಂದಿನ ವಿಮರ್ಶೆಗಳನ್ನು ದಾಖಲೆಯಾಗಿ ಓದಬಹುದು. ಇಂದು ಹೊಸದಾಗಿ ಅಂಕ ಕೊಡುವ ಕೆಲಸವನ್ನು ನಾನು ಮಾಡುವುದಿಲ್ಲ, ಮಾಡಿದವರನ್ನು ಆಕ್ಷೇಪಿಸುವುದೂ ಇಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಮುಂದಿನ ರೆಸಲ್‌ಮೇನಿಯಾವನ್ನು ಒಟ್ಟಿಗೆ ನೋಡಿ ಅಂಕ ಕೊಡಬೇಕೆಂದಿದ್ದೇವೆ. ಯಾವ ಕ್ರಮ ಅನುಸರಿಸಬೇಕು?

ಉತ್ತರ: ಪಂದ್ಯ ಆರಂಭವಾಗುವ ಮೊದಲೇ, ಈ ಇಬ್ಬರ ಜಗಳ ಯಾವುದಕ್ಕಾಗಿ ಎಂಬುದನ್ನು ಪ್ರತಿಯೊಬ್ಬರೂ ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಪಂದ್ಯ ನಡೆಯುವಾಗ ಯಾರ ಯಾವ ಅಂಗಕ್ಕೆ ಪೆಟ್ಟಾಯಿತು, ಅದನ್ನು ಅವರು ಕೊನೆಯವರೆಗೆ ನೆನಪಿನಲ್ಲಿಟ್ಟುಕೊಂಡರೇ ಎಂಬುದನ್ನು ಗಮನಿಸಿ. ಹತ್ತು ನಿಮಿಷ ಕಾಲು ತಿರುಚಿಸಿಕೊಂಡವನು ಕೊನೆಯಲ್ಲಿ ಕುಂಟದೆ ಓಡಿದರೆ ಆ ಹತ್ತು ನಿಮಿಷವೂ ವ್ಯರ್ಥ. ಮುಗಿದ ಮೇಲೆ, ಮೊದಲು ಬರೆದ ವಾಕ್ಯಕ್ಕೂ ಮುಕ್ತಾಯಕ್ಕೂ ಸಂಬಂಧವಿದೆಯೇ ನೋಡಿ. ಅಂಕವನ್ನು ಗುಟ್ಟಾಗಿ ಬರೆದು, ಎಲ್ಲರೂ ಬರೆದ ಮೇಲೆ ತೆರೆಯಿರಿ. ಇಲ್ಲವಾದರೆ ದನಿ ದೊಡ್ಡದಿರುವವನ ಅಂಕವೇ ನಾಲ್ವರದೂ ಆಗುತ್ತದೆ. ನಿಮ್ಮ ನಿಮ್ಮ ನೆಚ್ಚಿನವರ ಪಂದ್ಯದ ಅಂಕವನ್ನು ಒಂದು ವಾರ ಬಿಟ್ಟು, ವೀಕ್ಷಕ ವಿವರಣೆಯ ದನಿ ತಗ್ಗಿಸಿ ಇನ್ನೊಮ್ಮೆ ನೋಡಿದ ಮೇಲೆ ಖಾಯಂ ಮಾಡಿ. ಸಾಧಾರಣ ಪಂದ್ಯವನ್ನು ವಿವರಣೆಕಾರರು ತಮ್ಮ ದನಿಯಿಂದಲೇ ಮೇಲೆತ್ತುವುದು ಅಪರೂಪವಲ್ಲ.

ಇಬ್ಬರಲ್ಲಿ ಯಾರಿಂದ ಪಂದ್ಯ ಚೆನ್ನಾಯಿತು ಎಂಬ ಜಗಳಕ್ಕೆ ಮಾತ್ರ ಇಳಿಯಬೇಡಿ. ಹೊರಗಿನಿಂದ ಅದು ಕಾಣುವುದಿಲ್ಲ. 1992ರ ಆಗಸ್ಟ್‌ನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಬ್ರಿಟಿಷ್ ಬುಲ್‌ಡಾಗ್ ತಮ್ಮ ಬಾವಮೈದುನ ಬ್ರೆಟ್ ಹಾರ್ಟ್‌ರನ್ನು ಸೋಲಿಸಿದ ಪಂದ್ಯವನ್ನು ಎಲ್ಲರೂ ಇಬ್ಬರ ಸಾಧನೆಯೆಂದೇ ಹೊಗಳಿದರು. ಪಂದ್ಯ ಆರಂಭವಾದ ಸ್ವಲ್ಪ ಹೊತ್ತಿಗೆಲ್ಲ ಎದುರಾಳಿಗೆ ಮೊದಲೇ ಮಾತನಾಡಿಕೊಂಡದ್ದೆಲ್ಲ ಮರೆತುಹೋಗಿತ್ತು, ಪ್ರತಿ ನಡೆಯನ್ನೂ ತಾನೇ ಪಿಸುಗುಟ್ಟಿ ನಡೆಸಿಕೊಂಡು ಹೋಗಬೇಕಾಯಿತು ಎಂದು ಹಾರ್ಟ್ ಬಹಳ ಕಾಲದ ನಂತರ ಹೇಳಿಕೊಂಡರು.

ಮೇಲೆ ತೂಗುಹಾಕಿದ ಬೆಲ್ಟ್‌ನಂಥದ್ದನ್ನು ಏಣಿ ಹತ್ತಿ ಕಿತ್ತುಕೊಂಡವರು ಗೆಲ್ಲುವ ಏಣಿ ಪಂದ್ಯಗಳನ್ನೂ ಐದಾರು ಮಂದಿ ಒಟ್ಟಿಗೆ ಆಡುವ ಪಂದ್ಯಗಳನ್ನೂ ಬೇರೆ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಅಲ್ಲಿ ಸಾಹಸಗಳ ಸಾಲನ್ನು ಎಡವದೆ ಜೋಡಿಸಿದ್ದಕ್ಕೇ ಅಂಕ ಕೊಡಬೇಕಾಗುತ್ತದೆ, ಇಬ್ಬರ ಕುಸ್ತಿಗೆ ಹಚ್ಚುವ ಅಳತೆ ಅಲ್ಲಿ ಹೊಂದುವುದಿಲ್ಲ. 1994ರ ರೇಜರ್ ರಾಮನ್–ಶಾನ್ ಮೈಕೆಲ್ಸ್ ಏಣಿ ಪಂದ್ಯವನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದನ್ನು ನೀವು ನಾಲ್ವರೂ ನೋಡಿಯೇ ತೀರ್ಮಾನಿಸಿ. ನಾನಂತೂ ಅದನ್ನು ಇಬ್ಬರ ಕುಸ್ತಿಯ ಪಟ್ಟಿಯಲ್ಲೇ ಇಟ್ಟಿದ್ದೇನೆ.